ಒಂದೇ ಒಂದು ಮನೆ, ಮೂರು ಹಕ್ಕಿ

ಇಂಗ್ಲೆಂಡಿನ ಸರ್ರಿಯಲ್ಲಿ ನಾವು ಎರಡು ಸಂಸಾರ ಸೇರಿ ಮನೆ ಕಟ್ಟಿಕೊಂಡೆವು. ನಾನು, ಹೆಂಡತಿ, ಮಗಳು ಒಂದು ಕಡೆ. ನಾದಿನಿ, ಷಡ್ಡಕ, ಅವರ ಇಬ್ಬರು ಮಕ್ಕಳು ಇನ್ನೊಂದು ಕಡೆ. ಹಳೇ ಬಂಗ್ಲೆ ಒಂದನ್ನು ಕೊಂಡು, ಕೆಡವಿ, ಅದೇ ಜಾಗದಲ್ಲಿ ಅಕ್ಕಪಕ್ಕ ಎರಡು ಮನೆ ಎಬ್ಬಿಸುವುದು ನಮ್ಮ ಯೋಚನೆ. ಇಲ್ಲಿ ಬಂಗ್ಲೆ ಅಂದರೆ ದೊಡ್ಡ ಮನೆ ಅಲ್ಲ, ಮಹಡಿ ಇಲ್ಲದ ಮನೆ, ಅಷ್ಟೇ. ಒಂದು ಹೋಗಿ ಎರಡು ಬರುತ್ತೆ. ಲೆಕ್ಕಕ್ಕೆ ಜಾಸ್ತಿಯಾಗೋದು ಒಂದೇ ಒಂದು ಮನೆ.

ಮೊದಲ ಜಾಗ ನೋಡಿದ್ದು 2021ರ ಸೆಪ್ಟೆಂಬರಿನಲ್ಲಿ. ಅನುಮತಿ ಕೈಗೆ ಬಂದಿದ್ದು 2024ರ ಮಾರ್ಚಿನಲ್ಲಿ. ನಡುವಿನ ಎರಡೂವರೆ ವರ್ಷ ಏನಾಯಿತು ಅಂತ ಊರಿನಲ್ಲಿ ಎಲ್ಲರೂ ಕೇಳುತ್ತಾರೆ. ಫೋನಿನಲ್ಲಿ ಹೇಳಿ ಮುಗಿಯುವ ವಿಷಯ ಅಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಆ ಮೊದಲ ಜಾಗ ನಮಗೆಲ್ಲ ಒಂದೇ ನೋಟಕ್ಕೆ ಹಿಡಿಸಿತ್ತು. ಚೋಬಮ್ ಕಾಮನ್ ಅಂತ ಒಂದು ದೊಡ್ಡ ಬಯಲಿದೆ, ಅದರ ಅಂಚಿಗೇ ಇರುವ ಊರು. ಹಿತ್ತಲಿನಿಂದ ಐದು ನಿಮಿಷ ನಡೆದರೆ ಹೀತ್. ಹೀತ್ ಅಂದರೆ ಕಾಡಲ್ಲ, ಹುಲ್ಲುಗಾವಲೂ ಅಲ್ಲ. ಮರಳು ಮಿಶ್ರಿತ, ಸಾರವಿಲ್ಲದ ನೆಲ. ಮೊಣಕಾಲೆತ್ತರದ ಹೆದರ್ ಗಿಡ, ನಡುನಡುವೆ ಮುಳ್ಳಿನ ಗೋರ್ಸ್ ಪೊದೆ, ಅಲ್ಲೊಂದು ಇಲ್ಲೊಂದು ಪೈನ್ ಮರ. ನೋಡೋಕೆ ನಮ್ಮ ಕಡೆಯ ಗೋಮಾಳದ ಹಾಗೆ. ಬಳಕೆಯೂ ಹಾಗೇ ಇತ್ತಂತೆ. ಹಿಂದೆ ಸುತ್ತಲಿನ ಊರಿನವರು ಅಲ್ಲಿ ದನ ಮೇಯಿಸುತ್ತಿದ್ದರು, ಒಲೆಗೆ ಪುರಲೆ ತರುತ್ತಿದ್ದರು. ಹಾಗೆ ಮೇಯಿಸಿ, ಕಡಿದು ಬಳಸಿದ್ದರಿಂದಲೇ ಅದು ಕಾಡಾಗದೆ ಬಯಲಾಗಿ ಉಳಿಯಿತು. 1800ರಿಂದ ಈಚೆಗೆ ಬ್ರಿಟನ್ನಿನ ಇಂಥ ತಗ್ಗು ಪ್ರದೇಶದ ಹೀತ್‌ನಲ್ಲಿ ನೂರಕ್ಕೆ 80 ಪಾಲಿಗಿಂತ ಜಾಸ್ತಿ ಹೋಗಿಬಿಟ್ಟಿದೆ. ಇದೆಲ್ಲ ನನಗೆ ಆಮೇಲೆ ಗೊತ್ತಾಗಿದ್ದು. ಆಗ ಕಂಡಿದ್ದು ನೇರಳೆ ಹೂವಿನ ಬಯಲು, ಮಕ್ಕಳಿಗೆ ಓಡಾಡೋಕೆ ಜಾಗ, ಅಷ್ಟೇ.

ನಕ್ಷೆ ಬರೆದುಕೊಡುವವರೊಬ್ಬರನ್ನು ಹಿಡಿದೆವು. ಏನೂ ತೊಂದರೆ ಬರಲ್ಲ ಅಂದರು. ಜಾಗ ಕೊಳ್ಳುವ ಮೊದಲು ಕೌನ್ಸಿಲ್‌ನಲ್ಲಿ, ಅಂದರೆ ಇಲ್ಲಿನ ಸ್ಥಳೀಯ ಆಡಳಿತದಲ್ಲಿ, ಒಂದು ಮಾತು ಕೇಳಿಬಿಡೋಣ ಅಂತ ನನ್ನ ಹೆಂಡತಿ ಹಟ ಹಿಡಿದಳು. ಇಲ್ಲಿ ಪ್ರಿ-ಆ್ಯಪ್ ಅಂತ ಒಂದು ವ್ಯವಸ್ಥೆ ಇದೆ. ಅರ್ಜಿ ಹಾಕುವುದಕ್ಕೆ ಮುಂಚೆ ಒಂದಿಷ್ಟು ಶುಲ್ಕ ಕಟ್ಟಿ ಸಲಹೆ ಕೇಳಬಹುದು. ಕೇಳಿದೆವು. ಆ ಹಟ ನಮ್ಮನ್ನು ಉಳಿಸಿತು.

ಉತ್ತರ ಎರಡೇ ಪುಟ. ನಿಮ್ಮ ಜಾಗ ಥೇಮ್ಸ್ ಬೇಸಿನ್ ಹೀತ್ಸ್ ವಿಶೇಷ ರಕ್ಷಣಾ ಪ್ರದೇಶದಿಂದ ಸುಮಾರು 340 ಮೀಟರ್ ದೂರದಲ್ಲಿದೆ. 400 ಮೀಟರ್ ಒಳಗೆ ಹೊಸದಾಗಿ ಒಂದು ಮನೆಯೂ ಜಾಸ್ತಿಯಾಗುವಂತಿಲ್ಲ. ಇರುವ ಮನೆ ಕೆಡವಿ ಒಂದು ಕಟ್ಟಿಕೊಳ್ಳಿ, ಅಡ್ಡಿಯಿಲ್ಲ. ಎರಡು ಕಟ್ಟೋಕೆ ಆಗಲ್ಲ.

ನನಗೆ ಸಿಟ್ಟೇ ಬಂತು. ಫೋನ್ ಮಾಡಿ ಆ ಅಧಿಕಾರಿಯನ್ನು ಕೇಳಿದೆ. ಸುತ್ತ ನೂರಾರು ಮನೆ ಆಗಲೇ ಇದೆಯಲ್ಲ, ನಮ್ಮ ಒಂದು ಮನೆಯಿಂದ ಏನಾಗುತ್ತೆ?

ಆಕೆ ಸಮಾಧಾನದಿಂದಲೇ ಮಾತಾಡಿದರು. "ನಿಮ್ಮ ಒಂದು ಮನೆಯಿಂದ ಏನೂ ಆಗದೇ ಇರಬಹುದು. ಆದರೆ ನನ್ನ ಮೇಜಿನ ಮೇಲೆ ಒಂದೊಂದೇ ಮನೆಯ ಅರ್ಜಿ ಎಷ್ಟಿದೆ ಗೊತ್ತಾ? ಕಾನೂನು ನಿಮ್ಮ ಮನೆಯನ್ನು ಒಂಟಿಯಾಗಿ ನೋಡೋಕೆ ಬಿಡಲ್ಲ. ಎಲ್ಲಾ ಸೇರಿಸಿ ನೋಡು ಅನ್ನುತ್ತೆ."

ಫೋನ್ ಇಟ್ಟ ಮೇಲೆ ಆ ಮಾತು ತಲೆಯಿಂದ ಹೋಗಲಿಲ್ಲ. ರಾತ್ರಿ ಕೂತು ಓದಲು ಶುರುಮಾಡಿದೆ.

ಥೇಮ್ಸ್ ಬೇಸಿನ್ ಹೀತ್ಸ್ ಅನ್ನುವುದು ಒಂದೇ ತುಂಡು ನೆಲ ಅಲ್ಲ. ಸರ್ರಿ, ಹ್ಯಾಂಪ್‌ಶೈರ್, ಬರ್ಕ್‌ಶೈರ್ ಮೂರು ಕೌಂಟಿಗಳಲ್ಲಿ ಚದುರಿದ ತುಂಡುಗಳು, ಒಟ್ಟು ಸುಮಾರು 8,274 ಹೆಕ್ಟೇರ್. 2005ರ ಮಾರ್ಚಿನಲ್ಲಿ ಇದನ್ನು ರಕ್ಷಿತ ಪ್ರದೇಶ ಅಂತ ಘೋಷಿಸಿದರು. ಘೋಷಿಸಿದ್ದು ಮೂರು ಹಕ್ಕಿಗಳಿಗೋಸ್ಕರ. ನೈಟ್‌ಜಾರ್, ವುಡ್‌ಲಾರ್ಕ್, ಡಾರ್ಟ್‌ಫರ್ಡ್ ವಾರ್ಬ್ಲರ್. ಮೊದಲ ಎರಡು ನೆಲದ ಮೇಲೇ ಮೊಟ್ಟೆ ಇಡುತ್ತವೆ. ಮೂರನೆಯದು ಹೆದರ್, ಗೋರ್ಸ್ ಪೊದೆಯಲ್ಲಿ, ನೆಲಕ್ಕೆ ತೀರಾ ಹತ್ತಿರ ಗೂಡು ಕಟ್ಟುತ್ತದೆ. ಈ ಡಾರ್ಟ್‌ಫರ್ಡ್ ವಾರ್ಬ್ಲರ್ ಚಳಿಗಾಲದಲ್ಲೂ ವಲಸೆ ಹೋಗದೆ ಇಲ್ಲೇ ಇರುವ ಪುಟ್ಟ ಹಕ್ಕಿ. 1962-63ರ ಭಾರೀ ಚಳಿಯಲ್ಲಿ ಇಡೀ ಬ್ರಿಟನ್ನಿನಲ್ಲಿ ಇದರ ಹತ್ತು ಜೋಡಿಯಷ್ಟೇ ಉಳಿದಿದ್ದವಂತೆ. ಹತ್ತು ಜೋಡಿ! ಅದನ್ನು ಓದಿದಾಗ ನಾನು ಪುಸ್ತಕ ಕೆಳಗಿಟ್ಟು ಸುಮ್ನೆ ಕೂತೆ.

ನೆಲದ ಮೇಲೆ ಮೊಟ್ಟೆ ಇಡುವ ಹಕ್ಕಿಗೆ ಮನೆಗಳಿಂದ ಬರುವ ತೊಂದರೆ ಇಟ್ಟಿಗೆ, ಸಿಮೆಂಟಿನಿಂದ ಅಲ್ಲ. ಮನೆಯೊಳಗಿನ ನಮ್ಮಿಂದ. ನಾವು ಸಂಜೆ ವಾಕಿಂಗ್ ಹೋಗುತ್ತೇವೆ. ನಾಯಿಯ ಹಗ್ಗ ಬಿಚ್ಚುತ್ತೇವೆ. ನಾಯಿ ಪೊದೆಗೆ ನುಗ್ಗಿದರೆ ಕಾವಿಗೆ ಕೂತ ಹಕ್ಕಿ ಎದ್ದು ಹಾರುತ್ತದೆ. ಅಷ್ಟರಲ್ಲಿ ಕಾಗೆಯೋ ನರಿಯೋ ಮೊಟ್ಟೆ ಎತ್ತಿಕೊಂಡು ಹೋಗುತ್ತದೆ. ನಾಯಿ ಮುಟ್ಟಬೇಕು ಅಂತಲೂ ಇಲ್ಲ. ಜೊತೆಗೆ ಬೆಂಕಿ. 2011ರ ಮೇ ತಿಂಗಳಲ್ಲಿ ಬ್ರಾಕ್ನೆಲ್ ಹತ್ತಿರದ ಸ್ವಿನ್ಲಿ ಫಾರೆಸ್ಟ್ ದಿನಗಟ್ಟಲೆ ಉರಿಯಿತು. 2020ರ ಆಗಸ್ಟಿನಲ್ಲಿ ಇದೇ ಚೋಬಮ್ ಕಾಮನ್‌ಗೆ ಬೆಂಕಿ ಬಿತ್ತು. ಇನ್ನು ಬೆಕ್ಕು. ಬೆಕ್ಕಿಗೆ ಬೇಲಿ ಲೆಕ್ಕಕ್ಕಿಲ್ಲ. ರಾತ್ರಿ ನೂರಾರು ಮೀಟರ್ ತಿರುಗಿ ಬರುತ್ತದೆ. ಈ ಮನೆಯವರು ಬೆಕ್ಕು ಸಾಕಬಾರದು ಅಂತ ಷರತ್ತು ಹಾಕಿದರೂ ಹತ್ತು ವರ್ಷ ಆದ ಮೇಲೆ ಯಾರು ಬಂದು ನೋಡುತ್ತಾರೆ? ಅದಕ್ಕೇ 400 ಮೀಟರ್ ಗೆರೆ. ಅದರೊಳಗೆ ಏನು ಪರಿಹಾರ ಮಾಡಿದರೂ ನೆಚ್ಚಿಕೊಳ್ಳೋಕೆ ಆಗಲ್ಲ ಅನ್ನುವುದು ಅವರ ತೀರ್ಮಾನ. ಆ ದಿನಗಳಲ್ಲೇ ನನ್ನ ಮಗಳು ಬೆಕ್ಕು ಬೇಕು ಅಂತ ಗೋಗರೆಯುತ್ತಿದ್ದಳು. ಆ ಜಾಗ ಸಿಕ್ಕಿದ್ದರೆ ಕೊಡಿಸಿಯೇ ಬಿಡುತ್ತಿದ್ದೆ.

ಇದರ ಬುಡದಲ್ಲಿರುವ ಕಾನೂನು 2017ರ ಹ್ಯಾಬಿಟಾಟ್ಸ್ ರೆಗ್ಯುಲೇಷನ್ಸ್. ಬೇರು ಇನ್ನೂ ಹಿಂದೆ ಹೋಗುತ್ತದೆ. ಯುರೋಪಿನ 1979ರ ಹಕ್ಕಿಗಳ ಕಾನೂನು, 1992ರ ಆವಾಸಸ್ಥಾನ ಕಾನೂನು. ಬ್ರಿಟನ್ ಯುರೋಪ್ ಒಕ್ಕೂಟ ಬಿಟ್ಟರೂ ಈ ನಿಯಮಗಳನ್ನು ಬಿಡಲಿಲ್ಲ. 2017ರ ಆ ಕಾನೂನಿನ 63ನೇ ನಿಯಮ ನಮ್ಮಂಥ ಅರ್ಜಿಗಳಿಗೆ ಮುಖ್ಯ. ಒಂದು ಯೋಜನೆ ತಾನೊಂದೇ ಆಗಲಿ, ಬೇರೆ ಯೋಜನೆಗಳ ಜೊತೆ ಸೇರಿ ಆಗಲಿ, ರಕ್ಷಿತ ಜಾಗಕ್ಕೆ ಗಣನೀಯ ತೊಂದರೆ ಮಾಡುವ ಸಾಧ್ಯತೆ ಇದ್ದರೆ ಕೂಲಂಕಷವಾಗಿ ಪರೀಕ್ಷೆ ಮಾಡಬೇಕು. ಹಾನಿ ಆಗಲ್ಲ ಅಂತ ಖಾತ್ರಿ ಆದರೆ ಒಪ್ಪಿಗೆ. ಇದನ್ನು ದಾಟಿಹೋಗೋಕೆ ಇರುವ ದಾರಿ ತೀರಾ ಕಿರಿದು, ನಮ್ಮಂಥವರ ಮನೆಗೆ ಅದು ತೆರೆಯುವುದಿಲ್ಲ. ಇಲ್ಲಿ ಹಾನಿ ಆಗುತ್ತೆ ಅಂತ ಹಕ್ಕಿಯ ಪರವಾಗಿ ಯಾರೋ ಸಾಬೀತು ಮಾಡಬೇಕಿಲ್ಲ. ಆಗಲ್ಲ ಅಂತ ಕಟ್ಟುವವನ ಕಡೆಯಿಂದ ತೋರಿಸಬೇಕು. ನಾನು ಓದಿದ ಎಲ್ಲದರಲ್ಲಿ ನನ್ನ ಮನಸ್ಸಿಗೆ ನಾಟಿದ ಸಾಲು ಇದೇ.

ನಮ್ಮಲ್ಲಿ ಹೇಗೆ ಅಂತ ನೆನೆಯದೆ ಇರೋಕೆ ಆಗಲಿಲ್ಲ. ಭಾರತದಲ್ಲಿ 2006ರ ಇಐಎ (ಪರಿಸರದ ಮೇಲಿನ ಪರಿಣಾಮ ಅಂದಾಜು ಮಾಡುವ) ಅಧಿಸೂಚನೆ ಪ್ರಕಾರ ಕಟ್ಟಡಗಳಿಗೆ ಪರಿಸರ ಅನುಮತಿ ಶುರುವಾಗೋದೇ 20,000 ಚದರ ಮೀಟರಿನಿಂದ. ಅಲ್ಲಿ ಮೊದಲ ಪ್ರಶ್ನೆ ಎಷ್ಟು ದೊಡ್ಡದು ಅನ್ನೋದು. ಇಲ್ಲಿ ನನ್ನನ್ನು ಕೇಳಿದ್ದು ಎಷ್ಟು ಹತ್ತಿರ ಅನ್ನೋದನ್ನು. ನಮ್ಮಲ್ಲೂ ದೂರದ ಗೆರೆ ಎಳೆಯುವುದುಂಟು. ಬನ್ನೇರುಘಟ್ಟ ರಾಷ್ಟ್ರೀಯ ಉದ್ಯಾನದ ಸುತ್ತ ಪರಿಸರ ಸೂಕ್ಷ್ಮ ವಲಯ ಅಂತ 268.96 ಚದರ ಕಿಲೋಮೀಟರ್ ಗುರುತಿಸಿ ಕರಡು ಹೊರಡಿಸಿದ್ದರು. 2020ರಲ್ಲಿ ಅಂತಿಮ ಆದೇಶ ಬರುವ ಹೊತ್ತಿಗೆ ಅದು 168.84ಕ್ಕೆ ಇಳಿದಿತ್ತು. ಬೆಂಗಳೂರಿನಲ್ಲಿ ನಾನು ಬಾಡಿಗೆಗೆ ಇದ್ದಿದ್ದು ಆ ಕಡೆಯೇ. ಆಗ ಈ ಸುದ್ದಿ ಓದಿ ಪುಟ ತಿರುಗಿಸಿದ್ದೆ. ಈಗ ಅದು ಬೇರೆ ಥರ ನೋಯುತ್ತದೆ.

ಸರಿ, ಮೊದಲ ಜಾಗ ಕೈಬಿಟ್ಟೆವು. 2022ರ ಬೇಸಿಗೆಯಲ್ಲಿ ಹೀತ್‌ನಿಂದ ಮೂರು ಕಿಲೋಮೀಟರ್ ದೂರದಲ್ಲಿ ಇನ್ನೊಂದು ಬಂಗ್ಲೆ ಸಿಕ್ಕಿತು. 400 ಮೀಟರ್ ದಾಟಿದರೆ ಎಲ್ಲಾ ಮುಗಿಯಿತು ಅಂತಲ್ಲ. 5 ಕಿಲೋಮೀಟರ್‌ವರೆಗೂ ಎರಡನೇ ವಲಯ. ಹೀತ್‌ಗೆ ಬರುವವರನ್ನು ನಿಲ್ಲಿಸಿ ಎಲ್ಲಿಂದ ಬಂದಿರಿ ಅಂತ ಕೇಳಿ ಸಮೀಕ್ಷೆ ಮಾಡಿದ್ದರಂತೆ. ಬಹುಪಾಲು ಜನ ಅಷ್ಟು ದೂರದೊಳಗಿನವರೇ. ಅಲ್ಲಿ ಮನೆ ಕಟ್ಟಬಹುದು, ಆದರೆ ನೀವು ತರುವ ಹೊಸ ಜನಕ್ಕೆ ಓಡಾಡೋಕೆ ಬೇರೆ ಜಾಗ ಒದಗಿಸಬೇಕು. ಅದರ ಬಗ್ಗೆ ಮುಂದೆ ಹೇಳುತ್ತೇನೆ. ಅದಕ್ಕಿಂತ ಮೊದಲು ಬಾವಲಿ ಅಡ್ಡ ಬಂತು.

ಬಂಗ್ಲೆ ಕೆಡವಬೇಕಲ್ಲ. ಕೆಡವುವ ಮುಂಚೆ ಮಾಡಿನಲ್ಲಿ ಬಾವಲಿ ಇದೆಯಾ ಅಂತ ನೋಡಿಸಬೇಕು. ಇಂಗ್ಲೆಂಡಿನಲ್ಲಿ ಎಲ್ಲಾ ಜಾತಿಯ ಬಾವಲಿಗೂ ಕಾನೂನಿನ ರಕ್ಷಣೆ ಇದೆ. ಬಾವಲಿ ಇಲ್ಲದ ಹೊತ್ತಿನಲ್ಲಿ ಅದು ತಂಗುವ ಸಂದು ಮುಚ್ಚಿದರೂ ಅಪರಾಧ. ಯಾಕೆಂದರೆ ಅವು ವರ್ಷವರ್ಷ ಅದೇ ಜಾಗಕ್ಕೆ ವಾಪಸ್ ಬರುತ್ತವೆ. ನಾವು ಪರಿಸರ ತಜ್ಞೆಯೊಬ್ಬರನ್ನು ಕರೆಸಿದ್ದು ಅಕ್ಟೋಬರಿನಲ್ಲಿ. ಆಕೆ ಏಣಿ ಹಾಕಿ ಅಟ್ಟ ನೋಡಿದರು, ಚಿಮಣಿ ಪಕ್ಕ ಎದ್ದಿದ್ದ ಹೆಂಚಿನ ಸಂದಿಗೆ ಟಾರ್ಚ್ ಬಿಟ್ಟರು. ಹಿಕ್ಕೆ ಸಿಕ್ಕಿತು. ಇಲಿ ಹಿಕ್ಕೆಯ ಹಾಗೇ ಇತ್ತು, ಬೆರಳಲ್ಲಿ ತಿಕ್ಕಿದರೆ ಪುಡಿಪುಡಿ. ಹುಳದ ರೆಕ್ಕೆಯ ಚೂರು ಮಿಂಚಿತು. ಬಾವಲಿಯದೇ ಅಂದರು. ಎಷ್ಟಿವೆ, ಯಾವ ಜಾತಿ ಅಂತ ತಿಳಿಯಲು ಸಂಜೆ ಹೊರಗೆ ಬರುವಾಗ ಎಣಿಸಬೇಕು. ಎಣಿಸುವ ಕಾಲ ಮೇಯಿಂದ ಸೆಪ್ಟೆಂಬರ್. ನಾವು ಆ ಕಾಲವನ್ನು ಒಂದೇ ತಿಂಗಳಲ್ಲಿ ತಪ್ಪಿಸಿಕೊಂಡಿದ್ದೆವು.

ಏಳೆಂಟು ತಿಂಗಳು ಸುಮ್ನೆ ಕಾಯಬೇಕಾಯಿತು. ಸಾಲದ ಕಂತು ಕಾಯಲ್ಲ. "ಅಣ್ಣಾ, ಎರಡು ಬಾವಲಿಗೋಸ್ಕರ ನಾವು ಬಾಡಿಗೇನೂ ಕಟ್ಟಿ ಕಂತೂ ಕಟ್ಟಬೇಕಾ?" ಅಂತ ಷಡ್ಡಕ ಒಂದು ದಿನ ಬೇಜಾರಿನಲ್ಲಿ ಕೇಳಿದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಆ ಚಳಿಗಾಲ ಎರಡೂ ಮನೆಯಲ್ಲಿ ಕಷ್ಟದ್ದೇ. ಇಲ್ಲಿ ಮನೆ ಕಟ್ಟಬೇಕು ಅಂತ ಇರುವ ಕನ್ನಡಿಗರು ಯಾರಾದರೂ ಓದುತ್ತಿದ್ದರೆ ಇದೊಂದನ್ನು ನೆನಪಿಡಿ. ಜಾಗ ಕೊಂಡ ವಾರವೇ ಬಾವಲಿ ನೋಡಿಸಿ. ನಕ್ಷೆ ಆಮೇಲೆ ಆಗಲಿ.

2023ರ ಜೂನ್‌ನಲ್ಲಿ ಹಾಸನದಿಂದ ಅಪ್ಪ ಅಮ್ಮ ಬಂದರು. ಎಣಿಕೆಯೂ ಆಗಲೇ. ಬಾವಲಿ ಎಣಿಸೋಕೆ ದುಡ್ಡು ಕೊಡುತ್ತೀವಿ ಅಂದಾಗ ಅಪ್ಪ ಮೊದಲು ನಂಬಲಿಲ್ಲ. ಆಮೇಲೆ ತಾವೂ ಸ್ವೆಟರ್ ಹಾಕಿಕೊಂಡು ಹಿತ್ತಲಲ್ಲಿ ಕುರ್ಚಿ ಹಾಕಿ ಕೂತರು. ಇಲ್ಲಿ ಜೂನ್‌ನಲ್ಲಿ ಸೂರ್ಯ ಮುಳುಗೋದೇ ರಾತ್ರಿ ಒಂಬತ್ತು ಕಾಲಿಗೆ. ಮನೆಯ ಎರಡು ಮೂಲೆಯಲ್ಲಿ ಇಬ್ಬರು, ಅವರ ಪಕ್ಕ ಕತ್ತಲಲ್ಲೂ ಕಾಣುವ ಕ್ಯಾಮೆರಾ, ಕೈಯಲ್ಲಿ ಒಂದು ಪುಟ್ಟ ಪೆಟ್ಟಿಗೆ. ಬಾವಲಿಯ ಕೂಗು ನಮ್ಮ ಕಿವಿಗೆ ಕೇಳಲ್ಲ. ಆ ಪೆಟ್ಟಿಗೆ ಅದನ್ನು ಕೇಳುವ ಹಾಗೆ ಮಾಡುತ್ತದೆ. ಸುಮಾರು ಒಂಬತ್ತೂಮುಕ್ಕಾಲಿಗೆ ಪೆಟ್ಟಿಗೆ ಟಪಟಪ ಅಂತು. ಚಿಮಣಿ ಪಕ್ಕದ ಅದೇ ಸಂದಿಯಿಂದ ಏನೋ ಜಾರಿಬಿತ್ತು. ಬಿದ್ದಿದ್ದು ಹಾರಿತು. ಸ್ವಲ್ಪ ಹೊತ್ತಿಗೆ ಇನ್ನೊಂದು.

"ಇಷ್ಟು ಸಣ್ಣದಾ! ನಮ್ಮ ಆಲದ ಮರದ ಬಾವಲಿ ಇದರ ಮುಂದೆ ಹದ್ದು ಕಣೋ" ಅಂದರು ಅಪ್ಪ.

ಕಾಮನ್ ಪಿಪಿಸ್ಟ್ರೆಲ್ ಅಂತ ಅದರ ಹೆಸರು. ತೂಕ ಐದು ಗ್ರಾಂ ಆಸುಪಾಸು. ಮೂರು ವಾರ ಬಿಟ್ಟು ಇನ್ನೊಂದು ಸಲ ಎಣಿಸಿದಾಗಲೂ ಎರಡೇ. ಮರಿ ಹಾಕುವ ತಾಣ ಅಲ್ಲ, ಹಗಲು ತಂಗುವ ಜಾಗ ಅಷ್ಟೇ ಅಂತ ವರದಿ ಬಂತು. ಮರಿ ಇದ್ದಿದ್ದರೆ ಇನ್ನೂ ಕಷ್ಟವಾಗುತ್ತಿತ್ತು. ಕೆಡವುವ ಮುಂಚೆ ಓಕ್ ಮರಕ್ಕೆ ಬಾವಲಿ ಪೆಟ್ಟಿಗೆ ಕಟ್ಟಬೇಕು, ತಜ್ಞೆಯ ಎದುರಿಗೇ ಹೆಂಚುಗಳನ್ನು ಕೈಯಲ್ಲಿ ಒಂದೊಂದಾಗಿ ಬಿಚ್ಚಬೇಕು, ಹೊಸ ಗೋಡೆಯಲ್ಲಿ ಅವಕ್ಕೆ ಸಂದು ಬಿಡಬೇಕು. ಇವು ಷರತ್ತುಗಳು. ಇದಕ್ಕೆ ನ್ಯಾಚುರಲ್ ಇಂಗ್ಲೆಂಡ್ ಅನ್ನುವ ಸರ್ಕಾರದ ನಿಸರ್ಗ ರಕ್ಷಣಾ ಸಂಸ್ಥೆಯ ಲೈಸೆನ್ಸ್ ಬೇರೆ ಬೇಕು.

ಅಪ್ಪ ವಾಪಸ್ ಹೊರಡುವ ಮುಂಚೆ ಒಂದು ಸಂಜೆ ಚೋಬಮ್ ಕಾಮನ್‌ಗೆ ಕರೆದುಕೊಂಡು ಹೋದೆ. ಮನೆ ಸಿಗದೇ ಹೋದ ಜಾಗ ಯಾಕೆ ಸಿಗಲಿಲ್ಲ ಅಂತ ನನಗೂ ನೋಡಬೇಕಿತ್ತು. ಹತ್ತು ಗಂಟೆ ಆಗುತ್ತಾ ಬಂದಿತ್ತು, ಬೆಳಕು ಇನ್ನೂ ಪೂರ್ತಿ ಹೋಗಿರಲಿಲ್ಲ. ದೂರದ ಪೈನ್ ಮರದ ಕಡೆಯಿಂದ ಒಂದು ಸದ್ದು ಶುರುವಾಯಿತು. ಹೊಲಿಗೆ ಮಿಷನ್ ಬಿಡುವಿಲ್ಲದೆ ತುಳಿದ ಹಾಗೆ, ಉಸಿರು ತೆಗೆದುಕೊಳ್ಳದೆ, ಏರುತ್ತಾ ಇಳಿಯುತ್ತಾ. ಅದೇ ನೈಟ್‌ಜಾರ್. ಅದು ಆಫ್ರಿಕಾದಿಂದ ಮೇ ಹೊತ್ತಿಗೆ ಬಂದು, ಬರೀ ನೆಲದ ಮೇಲೆ ಎರಡು ಮೊಟ್ಟೆ ಇಟ್ಟು, ಬೇಸಿಗೆ ಮುಗಿಯುತ್ತಿದ್ದ ಹಾಗೆ ಹೊರಟುಬಿಡುತ್ತದೆ ಅಂತ ಅಪ್ಪನಿಗೆ ಹೇಳುತ್ತಿದ್ದೆ. ಅಷ್ಟರಲ್ಲಿ ಒಂದು ಹಕ್ಕಿ ನಮ್ಮ ತಲೆಯ ಮೇಲೇ ಸದ್ದಿಲ್ಲದೆ ತೇಲಿಹೋಯಿತು. ಅಪ್ಪ ನಿಂತುಬಿಟ್ಟರು.

"ಇದು ನತ್ತಿಂಗ ಅಲ್ವೇನೋ? ನಮ್ಮ ತೋಟದ ದಾರೀಲಿ ರಾತ್ರಿ ಸ್ಕೂಟರ್ ಲೈಟಿಗೆ ಕಣ್ಣು ಕೆಂಪಗೆ ಹೊಳೀತಿತ್ತು, ಹತ್ತಿರ ಹೋದರೆ ಪಕ್ ಅಂತ ಏಳ್ತಿತ್ತು. ಕೂಗು ಮಾತ್ರ ಬೇರೆ. ಜಾತಿ ಅದೇ."

ಹೌದು, ಅದರ ದಾಯಾದಿಯೇ. "ಈಗ ಅಲ್ಲಿ ಕಾಣ್ತಾವಾ ಅಪ್ಪ?" ಅಂತ ಕೇಳಿದೆ.

"ಆ ದಾರಿಯ ಎರಡೂ ಕಡೆ ಸೈಟ್ ಮಾಡಿದಾರಲ್ಲ" ಅಂದರು. ಅದರ ಮೇಲೆ ಏನೂ ಹೇಳಲಿಲ್ಲ. ನಾವು ಇನ್ನೂ ಸ್ವಲ್ಪ ಹೊತ್ತು ಕೇಳುತ್ತಾ ನಿಂತಿದ್ದೆವು.

ಜುಲೈನಲ್ಲಿ ಅರ್ಜಿ ಹಾಕಿದೆವು. ಇಂಥ ಸಣ್ಣ ಅರ್ಜಿಗೆ ಎಂಟು ವಾರದಲ್ಲಿ ತೀರ್ಮಾನ ಆಗಬೇಕು ಅನ್ನುವುದು ನಿಯಮ. ಅಕ್ಕಪಕ್ಕದವರಿಗೆ ಕಾಗದ ಹೋಯಿತು, ತಕರಾರಿಗೆ 21 ದಿನ. ಪಕ್ಕದ ಮನೆಯ ಅಜ್ಜಿ ನಮ್ಮ ಕಿಟಕಿಯಿಂದ ಅವರ ಹಿತ್ತಲು ಕಾಣುತ್ತೆ ಅಂತ ಬರೆದರು. ಕಿಟಕಿ ಸರಿಸಿದೆವು. ಅವರ ಪತ್ರ, ನಮ್ಮ ನಕ್ಷೆ, ಬಾವಲಿ ವರದಿ ಎಲ್ಲವೂ ಕೌನ್ಸಿಲ್ ವೆಬ್‌ಸೈಟಿನಲ್ಲಿ ಯಾರು ಬೇಕಾದರೂ ಓದಬಹುದು. ಆರ್‌ಟಿಐ ಹಾಕಿ ಮೂವತ್ತು ದಿನ ಕಾಯುವ ಕೆಲಸ ಇಲ್ಲ. ನನಗೆ ಇದು ತುಂಬಾ ಇಷ್ಟವಾಯಿತು.

ನಮ್ಮ ಒಂದು ಹೆಚ್ಚುವರಿ ಮನೆಗೂ ಆ ಕೂಲಂಕಷ ಪರೀಕ್ಷೆ ಆಯಿತು. 2018ಕ್ಕೆ ಮೊದಲಾಗಿದ್ದರೆ, ಪರಿಹಾರದ ದುಡ್ಡು ಕಟ್ಟುತ್ತೀವಿ ಅಂದ ಮೇಲೆ ಪರೀಕ್ಷೆಯ ಅಗತ್ಯವಿಲ್ಲ ಅಂತ ಶುರುವಿನಲ್ಲೇ ಬಿಟ್ಟುಬಿಡುತ್ತಿದ್ದರಂತೆ. ಆ ವರ್ಷದ ಏಪ್ರಿಲ್‌ನಲ್ಲಿ ಯುರೋಪಿನ ನ್ಯಾಯಾಲಯ ಐರ್ಲೆಂಡಿನ ಒಂದು ಪ್ರಕರಣದಲ್ಲಿ ತೀರ್ಪು ಕೊಟ್ಟಿತು. ಪರಿಹಾರ ಇದೆ ಅನ್ನುವುದನ್ನೇ ಕಾರಣ ಮಾಡಿ ಪರೀಕ್ಷೆ ಬಿಡುವಂತಿಲ್ಲ, ಆ ಪರಿಹಾರ ಸಾಕಾ ಅಂತ ಪರೀಕ್ಷೆಯೊಳಗೇ ನೋಡಬೇಕು ಅಂತ.

ಇನ್ನು ಆ ಪರಿಹಾರ. ಅದರಲ್ಲಿ ಎರಡು ಭಾಗ. ಒಂದರ ಹೆಸರು ಸ್ಯಾಂಗ್. ಹೀತ್‌ಗೆ ಬದಲಾಗಿ ಜನ ಹೋಗುವಂಥ ಹಸಿರು ಜಾಗ. ಹೊಸದಾಗಿ ಬರುವ ಪ್ರತಿ 1,000 ಜನಕ್ಕೆ ಕನಿಷ್ಠ 8 ಹೆಕ್ಟೇರ್ ಇರಬೇಕು. ಇನ್ನೊಂದು ಸ್ಯಾಮ್. ಹೀತ್‌ಗಳಲ್ಲಿ ಓಡಾಡುವ ವಾರ್ಡನ್‌ಗಳಿಗೆ, ಹಕ್ಕಿ ಮತ್ತು ಜನರ ಎಣಿಕೆಗೆ ಹೋಗುವ ದುಡ್ಡು. ಮನೆಯ ಬೆಡ್‌ರೂಮ್ ಲೆಕ್ಕದಲ್ಲಿ ಎರಡನ್ನೂ ಕಟ್ಟಬೇಕು. ನಮ್ಮದು ಸಾವಿರಾರು ಪೌಂಡ್ ಆಯಿತು. ಕಟ್ಟೋಕೆ ಸಿದ್ಧರಿದ್ದೆವು. ಆದರೆ ನಮ್ಮ ಭಾಗಕ್ಕೆ ಇದ್ದ ಸ್ಯಾಂಗ್‌ನಲ್ಲಿ ಜಾಗ ತುಂಬಿಹೋಗಿತ್ತು. ಅದಕ್ಕೆ ಆಗುವಷ್ಟು ಮನೆ ಆಗಲೇ ಮಂಜೂರಾಗಿದ್ದವು. ಇನ್ನೊಂದು ತಯಾರಾಗುವವರೆಗೆ ಕಾಯಿರಿ ಅಂದರು. ಎಂಟು ವಾರ ಎಂಟು ತಿಂಗಳಾಯಿತು. ತಡವಾಗುತ್ತೆ ಅಂತ ಮೊದಲೇ ಹೇಳಿದ್ದರೆ ನಾವು ಬಾಡಿಗೆ ಕರಾರು ಬೇರೆ ಥರ ಮಾಡಿಕೊಳ್ಳುತ್ತಿದ್ದೆವು. ಆ ವಿಷಯದಲ್ಲಿ ನನಗೆ ಈಗಲೂ ಬೇಸರವಿದೆ. ಕಾನೂನು ಕಟ್ಟುನಿಟ್ಟಾಗಿರಲಿ. ಆದರೆ ಅದರೊಳಗೆ ಸಿಕ್ಕ ಜನಕ್ಕೆ ಮುಂದೇನು ಅಂತ ಒಂದು ಮಾತು ಹೇಳಬೇಕು.

ಕೊನೆಗೆ ಹೊಸ ಸ್ಯಾಂಗ್ ತೆರೆಯಿತು. ವಕೀಲರ ಮೂಲಕ ಮುಚ್ಚಳಿಕೆ ಬರೆದುಕೊಟ್ಟೆವು. 2024ರ ಮಾರ್ಚಿನಲ್ಲಿ ಅನುಮತಿ ಬಂತು.

ನಮ್ಮ ದುಡ್ಡು ಹೋದ ಆ ಸ್ಯಾಂಗ್ ನೋಡೋಕೆ ಎಲ್ಲರೂ ಹೋದೆವು. ಮೊದಲು ಹೊಲವಾಗಿದ್ದ ಜಾಗ. ಈಗ ಪಾರ್ಕಿಂಗ್, ಒಂದು ಕೊಳ, ಸುತ್ತ ಸುಮಾರು ಎರಡೂವರೆ ಕಿಲೋಮೀಟರ್ ದಾರಿ. ಈ ದಾರಿಯ ಉದ್ದವೂ ನಿಯಮದಲ್ಲೇ ಇದೆ, ನಾಯಿ ಜೊತೆ ಬರುವವರು ಅಷ್ಟು ನಡೆಯುತ್ತಾರೆ ಅಂತ. ಹತ್ತಾರು ನಾಯಿ ಹಗ್ಗ ಬಿಚ್ಚಿಕೊಂಡು ಖುಷಿಯಾಗಿ ಓಡುತ್ತಿದ್ದವು. ದುಡ್ಡು ಕಟ್ಟಿಸಿಕೊಂಡರೆ ಹಕ್ಕಿ ಉಳಿಯುತ್ತಾ ಅಂತ ನನಗೆ ಅನುಮಾನವಿತ್ತು. ಅಲ್ಲಿ ನಿಂತಾಗ ಸ್ವಲ್ಪ ಅರ್ಥವಾಯಿತು. ಈ ಪ್ರತಿಯೊಂದು ನಾಯಿಯೂ ಆ ಸಂಜೆ ಹೀತ್‌ನಲ್ಲಿ ಇಲ್ಲ.

ಹೆಂಚು ಬಿಚ್ಚುವ ದಿನ ತಜ್ಞೆ ಕೈಗವಸು ಹಾಕಿಕೊಂಡು ಬಂದರು. ಹನ್ನೊಂದು ಗಂಟೆಗೆ ಒಂದು ಹೆಂಚಿನ ಕೆಳಗೆ ಒಂದು ಪಿಪಿಸ್ಟ್ರೆಲ್ ಸಿಕ್ಕಿತು. ಹೆಬ್ಬೆರಳಿನಷ್ಟು. ಆಕೆ ಅದನ್ನು ಬಟ್ಟೆ ಚೀಲದಲ್ಲಿಟ್ಟು ಓಕ್ ಮರದ ಪೆಟ್ಟಿಗೆಗೆ ಬಿಟ್ಟರು. ಷಡ್ಡಕ ಏಣಿ ಹಿಡಿದಿದ್ದರು. ಇಳಿದು ಬಂದು, "ಅಣ್ಣಾ, ಅದರ ಎದೆ ಬಡಿಯೋದು ಕಾಣ್ತಿತ್ತು" ಅಂದರು.

2025ರ ಕೊನೆಯಲ್ಲಿ ಇಲ್ಲಿ ಹೊಸ ಪ್ಲಾನಿಂಗ್ ಕಾನೂನು ಬಂದಿದೆ. ಮನೆಗಳು ಬೇಗ ಏಳಲಿ ಅನ್ನುವುದು ಉದ್ದೇಶ. ಪರಿಸರಕ್ಕೆ ಆಗುವ ಹಾನಿ ಸರಿದೂಗಿಸುವ ಸರ್ಕಾರಿ ಯೋಜನೆ ಸಿದ್ಧವಾದ ಕಡೆ ಕಟ್ಟುವವರು ಒಂದು ನಿಧಿಗೆ ದುಡ್ಡು ಕಟ್ಟಬಹುದು, ಆ ಯೋಜನೆಯೊಳಗೆ ಬರುವ ವಿಷಯಗಳ ಮಟ್ಟಿಗೆ ಜಾಗ ಜಾಗಕ್ಕೂ ಬೇರೆ ಪರೀಕ್ಷೆ ಬೇಕಾಗುವುದಿಲ್ಲ. ಇಲ್ಲಿ ಮನೆ ಸಾಲದು, ಬಾಡಿಗೆ ದುಬಾರಿ, ಅದು ನನಗೂ ಗೊತ್ತು. ಆ ಎರಡೂವರೆ ವರ್ಷ ಮತ್ತೆ ಬೇಡ ಅಂತಲೂ ಅನ್ನಿಸುತ್ತದೆ. ಆದರೆ ಏಣಿ ಹತ್ತಿ ಸಂದಿಗೆ ಟಾರ್ಚ್ ಬಿಡುವವರು ಇಲ್ಲದೇ ಹೋಗಿದ್ದರೆ ಆ ಎರಡು ಬಾವಲಿ ನಮಗೆ ಗೊತ್ತೇ ಆಗುತ್ತಿರಲಿಲ್ಲ. ಮೊದಲು ನೋಡಿ, ಆಮೇಲೆ ದುಡ್ಡು. ಈ ಕ್ರಮ ತಿರುಗುಮುರುಗು ಆಗಬಾರದು ಅನ್ನೋದು ನನ್ನ ಆಸೆ.

ಹೋದ ಜೂನ್‌ನಲ್ಲಿ ಒಂದು ರಾತ್ರಿ ಒಬ್ಬನೇ ಚೋಬಮ್ ಕಾಮನ್‌ಗೆ ಹೋಗಿ ನತ್ತಿಂಗದ ಸದ್ದು ಫೋನಿನಲ್ಲಿ ರೆಕಾರ್ಡ್ ಮಾಡಿ ಅಪ್ಪನಿಗೆ ವಾಟ್ಸಾಪ್ ಮಾಡಿದೆ. ಊರಿನಲ್ಲಿ ಆಗ ನಡುರಾತ್ರಿ ಕಳೆದಿತ್ತು. ಬೆಳಿಗ್ಗೆ ಅವರ ವಾಯ್ಸ್ ಮೆಸೇಜ್ ಬಂದಿತ್ತು. ಸದ್ದು ತುಂಬಾ ಸಣ್ಣದು, ಇನ್ನೊಂದು ಸ್ವಲ್ಪ ಹತ್ತಿರ ಹೋಗಿ ಮಾಡಬಾರದಿತ್ತೇನೋ ಅಂತ.

"ದಾರಿ ಬಿಟ್ಟು ಇಳಿಯೋ ಹಾಗಿಲ್ಲ ಅಪ್ಪ" ಅಂತ ಕಳಿಸಿದೆ. "ಈಗ ಮೊಟ್ಟೆ ಕಾಲ."